ಊಟ ಆಯ್ತಾ ಅಂತ ಕೇಳಿ ಟ್ರೇಡ್ ಮಾಡುತ್ತಿದ್ದವರು

ಟೈರ್ ಅಂಗಡಿಯವನ ಮಗಳು ಡಿಗ್ರಿ ಮುಗಿಸುವುದು ಆಗದ ಮಾತು ಅಂತ ಹೇಳಿದವರು ನಮ್ಮ ಫೂಫು, ಅಬ್ಬಾನ ಅಕ್ಕ. ಹರಿಹರದಿಂದ ವಿಡಿಯೋ ಕಾಲ್‌ನಲ್ಲಿ, ಬೆಳ್ಳುಳ್ಳಿ ಸುಲಿಯುತ್ತಾ, ನನ್ನ ಮುಖ ನೋಡಿಕೊಂಡೇ ಹೇಳಿದರು. "ನಮ್ಮ ಖಾಂದಾನ್‌ನಾಗೆ ಪಿಯುಸಿ ದಾಟಿದೋರು ಒಬ್ಬರನ್ನ ತೋರ್ಸು. ವಿಮಾನ ಹತ್ತಿದ ಕೂಡಲೇ ತಲೆ ಬದಲಾಗ್ತದಾ?" ಹಾಕಿ ಟೀಮಿನ ಆಫೀಸಿನಲ್ಲಿ ಕೆಲಸ ಮಾಡಬೇಕು ಅಂದಾಗಂತೂ ಬಿದ್ದು ಬಿದ್ದು ನಕ್ಕರು. "ಐಸ್ ಮೇಲೆ ಬಡಿದಾಡೋ ಗಂಡಸರನ್ನ ನೀನು ಆರಿಸ್ತೀಯಾ? ಮೊದ್ಲು ಅಕ್ಕಿ ಆರಿಸೋದು ಕಲಿ."

ಆಗುತ್ತೆ ಅಂದವರು ಒಬ್ಬರೇ. ಅವರು ಈಗ ರಿಟೈರ್ ಆಗಿದ್ದಾರೆ. ನಮ್ಮ ಕಡೆಯ ಕನ್ನಡ ಬಳಗದವರು ಶಿಕಾಗೋ ಹತ್ತಿರದ ಲೆಮಾಂಟಿನಲ್ಲಿ ಸನ್ಮಾನ ಇಟ್ಟುಕೊಂಡು, ಒಂದು ಸಂಚಿಕೆಯನ್ನೂ ತರುತ್ತಿದ್ದಾರೆ. ಅದರ ಉಸ್ತುವಾರಿಯ ಆಂಟಿ ಫೋನ್ ಮಾಡಿ, "ನೀನು ಅವರ ಶಿಷ್ಯೆ ಅಲ್ವೇನಮ್ಮ, ನಾಲ್ಕು ಒಳ್ಳೆ ಮಾತು ಬರೆದುಕೊಡು" ಅಂದರು. ಒಳ್ಳೆಯ ಮಾತು ನನ್ನ ಹತ್ತಿರ ಬೇಕಾದಷ್ಟಿವೆ. ತೊಂದರೆ ಇರುವುದೇ ಅಲ್ಲಿ. ಅವರ ಹೆಸರು ಬರೆಯುವುದಿಲ್ಲ. ಅಂಕಲ್ ಅಂತ ಕರೆಯುತ್ತಿದ್ದೆ, ಇಲ್ಲೂ ಅದೇ ಇರಲಿ. ಬರೆದದ್ದನ್ನು ಸಂಚಿಕೆಗೆ ಹಾಕಿಕೊಳ್ಳುವುದು ಬಿಡುವುದು ಆಂಟಿಗೆ ಬಿಟ್ಟದ್ದು.

ಅಬ್ಬಾನ ಟೈರ್ ಅಂಗಡಿ ಇರುವುದು ಗ್ಲೆಂಡೇಲ್ ಹೈಟ್ಸಿನಲ್ಲಿ. ಒಂಬತ್ತನೇ ಕ್ಲಾಸಿನವರೆಗೆ ಹರಿಹರದ ಕನ್ನಡ ಮೀಡಿಯಂ ಸ್ಕೂಲಿನಲ್ಲಿದ್ದ ನಾನು ಇಲ್ಲಿ ಬಂದು, ಹೈಸ್ಕೂಲನ್ನು ಹೇಗೋ ದಾಟಿ, ಕಾಲೇಜು ಸೇರಿದೆ. ಫೀಸಿಗೆ ಅಂತ ಹತ್ತಿರದ ಐಸ್ ರಿಂಕಿನ ತಿಂಡಿ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಊರಿನ ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದಾಗ ಎದುರಿನಿಂದ ಕನ್ನಡದಲ್ಲಿ ಆರ್ಡರ್ ಬಂತು.

"ಒಂದು ಹಾಟ್ ಚಾಕ್ಲೇಟ್ ಕೊಡಮ್ಮ. ನಿಮ್ಮ ಹರಟೆ ಮುಗಿದ ಮೇಲೇ ಕೊಡು, ಅವಸರ ಇಲ್ಲ."

ಕೈಯಲ್ಲಿದ್ದ ಕಪ್ ಬಿತ್ತು. ಎದುರಿಗೆ ಉದ್ದಕ್ಕೆ ತೆಳ್ಳಗೆ ಒಬ್ಬರು, ದುಬಾರಿ ಕೋಟು, ತಲೆಗೆ ಮಾತ್ರ ಮೈಸೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೋಗುವವರು ಹಾಕುವಂಥ ಮಂಕಿ ಕ್ಯಾಪ್. 

"ದಾವಣಗೆರೆ ಕಡೆಯೋಳಾ?"

"ಹರಿಹರ, ಅಂಕಲ್."

"ಅದೇ ಅಂದ್ಕೊಂಡೆ. ನೀವು ಜಗಳ ಆಡಿದರೂ ಅರ್ಧ ಮೈಲಿಗೆ ಕೇಳುತ್ತೆ."

ಆ ರಿಂಕಿನಲ್ಲಿ ಒಂದು ಪ್ರೊಫೆಷನಲ್ ಹಾಕಿ ಟೀಮ್ ಪ್ರಾಕ್ಟೀಸ್ ಮಾಡುತ್ತಿತ್ತು. ಶಿಕಾಗೋ ಅಂದ ಕೂಡಲೇ ನೆನಪಾಗುವ ದೊಡ್ಡ ಟೀಮ್ ಅಲ್ಲ. ಅದಕ್ಕಿಂತ ಕೆಳಗಿನ ಲೀಗಿನ, ಸಬರ್ಬಿನ ಸಣ್ಣ ಟೀಮ್. ಸಣ್ಣದಾದರೂ ಎಲ್ಲ ಇತ್ತು. ಆಟಗಾರರ ಕಾಂಟ್ರಾಕ್ಟ್ ಇತ್ತು. ನಮ್ಮವನನ್ನು ಇನ್ನೊಂದು ಟೀಮಿಗೆ ಕೊಟ್ಟು ಅವರವನನ್ನು ತೆಗೆದುಕೊಳ್ಳುವ ಟ್ರೇಡ್ ಇತ್ತು. ವರ್ಷಕ್ಕೊಮ್ಮೆ ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಇತ್ತು. ಈ ಮೂರನ್ನೂ ನೋಡಿಕೊಳ್ಳುತ್ತಿದ್ದವರು ಅಂಕಲ್. ಇಂಜಿನಿಯರಿಂಗ್ ಓದಲು ಬಂದವರು ಹಾಕಿಗೆ ಹೇಗೆ ಬಿದ್ದಿರಿ ಅಂತ ಕೇಳಿದರೆ, "ಚಳಿಗೆ ಒಳಗೆ ಹೋದೆ, ಹೊರಗೆ ಬರಲಿಲ್ಲ" ಅನ್ನುತ್ತಿದ್ದರು. ರಿಂಕಿನ ಒಳಗೆ ಹೊರಗಿಗಿಂತ ಬೆಚ್ಚಗೇನೂ ಇರುತ್ತಿರಲಿಲ್ಲ.

ಕೆಲವು ವಾರದಲ್ಲೇ ಅವರು ನನ್ನನ್ನು ಕೌಂಟರಿನಿಂದ ಎಬ್ಬಿಸಿ ತಮ್ಮ ಪಕ್ಕದ ಬೆಂಚಿಗೆ ಕೂರಿಸಿದರು. ಓದುತ್ತಲೇ ಕೆಲಸ ಕಲಿಯುವ ಸ್ಟೂಡೆಂಟ್ ಅಂತ ಟೀಮಿನವರಿಗೆ ಹೇಳಿದರು. ಹುಡುಗರ ಆಟದ ವಿಡಿಯೋ ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಅವರ ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ, ಪಕ್ಕದಲ್ಲಿ ನಿಂಬೆಕಾಯಿ ಉಪ್ಪಿನಕಾಯಿ. ಇಡೀ ರಿಂಕಿಗೆ ಅದರ ವಾಸನೆ. ತುತ್ತು ಬಾಯಿಗೆ ಹಾಕಿಕೊಳ್ಳುತ್ತಲೇ ಪಾಠ. ಮೊದಲನೆಯದು ಪಕ್, ಅಂದರೆ ಚೆಂಡಿನ ಬದಲು ಐಸ್ ಮೇಲೆ ಜಾರುವ ರಬ್ಬರ್ ಬಿಲ್ಲೆಯ ಬಗ್ಗೆ.

"ಪಕ್ ನೋಡಬೇಡ. ಪಕ್ ಎಲ್ಲರೂ ನೋಡ್ತಾರೆ. ತಪ್ಪು ಮಾಡಿ ಬೆಂಚಿಗೆ ವಾಪಸ್ ಬರ್ತಾನಲ್ಲ, ಆಗ ನೋಡು ಅವನನ್ನ. ಕೋಚ್ ಮುಖ ನೋಡ್ತಾನೋ, ಆಟ ನೋಡ್ತಾನೋ?"

ಆಟ ಮುಗಿದ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು ಕಾಯುತ್ತಿದ್ದರು. "ಸೋತ ದಿನ ಬ್ಯಾಗ್ ಯಾರು ಹೊರ್ತಾರೆ ನೋಡು. ಅಮ್ಮ ಹೊತ್ತರೆ ಆ ಹುಡುಗ ಇನ್ನೂ ಬಲಿತಿಲ್ಲ." ಹದಿನೇಳರ ಹುಡುಗನೊಬ್ಬ ಗೆದ್ದ ದಿನವೂ ತನ್ನ ಬ್ಯಾಗಿನ ಜೊತೆ ತಮ್ಮನ ಬ್ಯಾಗನ್ನೂ ಹೊತ್ತುಕೊಂಡು ಹೋಗುವುದನ್ನು ನೋಡಿ, "ಇವನನ್ನ ತಗೊಳ್ಳೋಣ" ಅಂತ ಅಲ್ಲೇ ತೀರ್ಮಾನ ಮಾಡಿದ್ದರು. ಕೋಚಿಗೆ ಹೇಳುವಾಗ ಮಾತ್ರ ಅವನ ಸ್ಪೀಡಿನ ಬಗ್ಗೆ ಹೇಳಿದರು.

ಹುಡುಗರನ್ನು ನೋಡಲು ತಿಂಗಳಿಗೆ ಒಂದೆರಡು ಸಲ ಡೆಟ್ರಾಯಿಟ್ ಕಡೆಗೆ ಡ್ರೈವ್ ಮಾಡುತ್ತಿದ್ದೆವು. ಮಿಷಿಗನ್ ದಾಟುವಾಗ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ನಮಾಜಿನ ಹೊತ್ತಾದರೆ ನಾನು ಬಾಯಿ ಬಿಡುವ ಮೊದಲೇ ಅವರು ಎಕ್ಸಿಟ್ ತೆಗೆದುಕೊಳ್ಳುತ್ತಿದ್ದರು. "ಹೋಗಿ ಮುಗಿಸ್ಕೊಂಡು ಬಾ. ಕಾರು ಬಿಸಿ ಇಟ್ಟಿರ್ತೀನಿ." ಡಿಯರ್‌ಬಾರ್ನಿನಲ್ಲಿ ಹಲಾಲ್ ಹೋಟೆಲ್ ಹುಡುಕಿ ನಿಲ್ಲಿಸಿ, ತಾವು ಬರೀ ಬ್ರೆಡ್ಡು ಕಡಲೆ ಚಟ್ನಿ ತಿಂದುಕೊಂಡು ಕೂರುತ್ತಿದ್ದರು. ನನ್ನ ಸ್ವಂತ ಮಾಮು ಹೀಗೆ ನೋಡಿಕೊಂಡಿಲ್ಲ. ಇದನ್ನು ಬರೆಯದಿದ್ದರೆ ಮುಂದಿನದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ರಿಂಕಿನಲ್ಲಿ ಒಬ್ಬ ಡಿಫೆನ್ಸ್ ಆಟಗಾರನನ್ನು ನಾನೇ ಮೊದಲು ಗುರುತಿಸಿದೆ. ಗಿಡ್ಡ, ಯಾರೂ ತಿರುಗಿ ನೋಡದ ಹುಡುಗ.

"ಅವನಲ್ಲಿ ಏನು ಕಂಡೆ?" ಅಂತ ಕೇಳಿದರು.

"ಪಕ್ ಕಳ್ಕೊಂಡ್ರೆ ಯಾರ ಮೇಲೂ ಕೂಗಾಡಲ್ಲ ಅಂಕಲ್. ತಿರುಗಿ ಓಡ್ತಾನೆ."

ಆಟದ ಎರಡು ಪೀರಿಯಡ್ ಕೂತು ಅವನನ್ನೇ ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾ, "ನೀನು ನನ್ನ ಕೆಲಸಕ್ಕೇ ಸಂಚಕಾರ ತರ್ತೀಯ" ಅಂದರು. ಅಷ್ಟು ದೊಡ್ಡ ಮೆಚ್ಚುಗೆ ಅಲ್ಲಿಯವರೆಗೆ ನನಗೆ ಯಾವ ಮೇಷ್ಟ್ರಿಂದಲೂ ಸಿಕ್ಕಿರಲಿಲ್ಲ.

ಇನ್ನು ಟ್ರೇಡ್. ಆ ಲೋಕದ ರೀತಿ ಹೇಗೆಂದರೆ, ಮಾತು ಪಕ್ಕಾ ಆಗುವವರೆಗೆ ಆಟಗಾರನಿಗೆ ಸುಳಿವು ಕೊಡುವುದಿಲ್ಲ. ಬೆಳಗ್ಗೆ ಪ್ರಾಕ್ಟೀಸಿಗೆ ಬಂದವನು ಸಂಜೆಗೆ ಬೇರೆ ಊರಿನವನು. ಆ ಸುದ್ದಿ ಮುಟ್ಟಿಸುವುದು ಅಂಕಲ್ ಕೆಲಸ. ಹಸಿದ ಹೊಟ್ಟೆಯವನಿಗೆ ಕೆಟ್ಟ ಸುದ್ದಿ ಹೇಳಬಾರದು ಅಂತ ಅವರ ಅಮ್ಮ ಹೇಳಿದ್ದರಂತೆ. ಅದಕ್ಕೆ ಮೊದಲು, "ಊಟ ಆಯ್ತಾ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಇಲ್ಲ ಅಂದರೆ ಸ್ಯಾಂಡ್‌ವಿಚ್ ತರಿಸಿ, ಅವನು ತಿಂದು ಕೈ ಒರೆಸಿಕೊಂಡ ಮೇಲೆ ಹೇಳುತ್ತಿದ್ದರು. ಇದು ಟೀಮಿನಲ್ಲಿ ಎಲ್ಲರಿಗೂ ಗೊತ್ತಾಗಿ, ಅಂಕಲ್ ಕಾರಿಡಾರಿನಲ್ಲಿ ಬಂದರೆ ಹುಡುಗರು ಬಾತ್‌ರೂಮಿಗೆ ನುಗ್ಗುತ್ತಿದ್ದರು. ಒಬ್ಬ ಗೋಲ್‌ಕೀಪರ್ ಇದ್ದ, ಕೆನಡಾದವನು, ಬೆಟ್ಟದಂಥ ಆಳು. ಅಂಕಲ್ ಬಾಯಿ ತೆರೆಯುವ ಮೊದಲೇ ಎರಡೂ ಕೈ ಎತ್ತಿ, "ತಿಂದಿಲ್ಲ, ತಿನ್ನೋದೂ ಇಲ್ಲ! ಸೀಸನ್ ಮುಗಿಯೋವರೆಗೂ ನಾನು ಉಪವಾಸ!" ಅಂತ ಕೂಗಿದ. ಅಂಕಲ್ ಮಂಕಿ ಕ್ಯಾಪ್ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲಿನ ವಾರ ಅವನನ್ನೂ ಕಳಿಸಿದರು, ಪಿಜ್ಜಾ ತಿನ್ನಿಸಿ.

ಇನ್ನೊಬ್ಬನಿಗೆ ಮಾತ್ರ ಸ್ಯಾಂಡ್‌ವಿಚ್ ಇಳಿಯಲಿಲ್ಲ. ಹೆಂಡತಿ ಬಸುರಿ, ಬಾಡಿಗೆ ಮನೆ ಈಗಷ್ಟೇ ಹಿಡಿದಿದ್ದ. "ನನ್ನನ್ನು ಕಳಿಸಲ್ಲ ಅಂತ ಬೇಸಿಗೆಯಲ್ಲಿ ಮಾತು ಕೊಟ್ಟಿದ್ದಿರಿ" ಅಂದ. ಅಂಕಲ್ ದನಿ ಏರಿಸಲಿಲ್ಲ. "ಎಲ್ಲಿ ಬರೆದಿದೆ?" ಅಂತ ಮಾತ್ರ ಕೇಳಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಇದನ್ನ ನೆನಪಿಟ್ಕೋ ಮಗಳೇ. ಕಾಂಟ್ರಾಕ್ಟಿನಲ್ಲಿ ಇರೋದಷ್ಟೇ ಅವನದು. ಮಿಕ್ಕಿದ್ದೆಲ್ಲ ಮಾತು" ಅಂದರು. ನೆನಪಿಟ್ಟುಕೊಂಡೆ. ಆಟಗಾರರ ವಿಷಯ ಅಂತ ನೆನಪಿಟ್ಟುಕೊಂಡೆ.

ಯಾಕೆಂದರೆ ಅದೇ ಅಂಕಲ್ ನಮ್ಮ ಮನೆಗೆ ಈದ್ ದಿನ ಬಂದಿದ್ದರು. ಅಬ್ಬಾ ಅವರಿಗಾಗಿ ಕುರ್ಚಿಯನ್ನು ಎರಡು ಸಲ ಒರೆಸಿದ್ದರು. ಅಮ್ಮಿ ಮಾಡಿದ ಶೀರ್ ಖುರ್ಮಾವನ್ನು ಬಟ್ಟಲು ಕೆರೆದು ತಿಂದು ಅಂಕಲ್ ಹೇಳಿದ್ದರು: "ಭಾಯ್, ಡಿಗ್ರಿ ಕೈಗೆ ಬಂದ ದಿನದಿಂದ ನಿಮ್ಮ ಮಗಳ ಕುರ್ಚಿ ನನ್ನ ರೂಮಿನ ಪಕ್ಕ. ಪರ್ಮನೆಂಟ್. ಇವಳ ಜವಾಬ್ದಾರಿ ನನಗೆ ಬಿಡಿ."

"ನಿಮ್ಮ ಬಾಯಲ್ಲಿ ಬಂತಲ್ಲ ಸರ್, ಮುಗೀತು" ಅಂದರು ಅಬ್ಬಾ. ಅವರು ಹೋದ ಮೇಲೆ ಹರಿಹರಕ್ಕೆ ಫೋನ್ ಮಾಡಿ ಫೂಫುಗೆ ಹೇಳಿಯೂಬಿಟ್ಟರು.

ಡಿಗ್ರಿಯ ಕೊನೆಯ ವರ್ಷ, ಫೆಬ್ರವರಿಯಲ್ಲಿ, ನನಗೆ ಲಿಸ್ಲ್‌ನ ಒಂದು ಇನ್ಶೂರೆನ್ಸ್ ಆಫೀಸಿನಿಂದ ಕೆಲಸ ಬಂತು. ಕಾಲೇಜು ಮುಗಿದ ಮೇಲೆ ಸೇರಬಹುದು, ಉತ್ತರ ಮಾತ್ರ ಬೇಗ ಬೇಕು ಅಂದಿದ್ದರು. ಮನೆಯಿಂದ ಹತ್ತಿರ, ಒಳ್ಳೆಯ ಸಂಬಳ. ಅಂಕಲ್‌ಗೆ ತೋರಿಸಿದೆ. ಓದಿ ನೋಡಿ, ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಬೇಡ ಅಂತ ಬರೆದುಬಿಡು. ನಿನಗೆ ಅಲ್ಲೇನು ಕೆಲಸ? ನಿನ್ನ ಜಾಗ ಇಲ್ಲಿದೆಯಲ್ಲ" ಅಂದರು.

ಮನೆಯಲ್ಲಿ ಅಮ್ಮಿ ಒಬ್ಬಳೇ ಅಡ್ಡ ಮಾತಾಡಿದಳು. "ಅದನ್ನೇ ಒಂದು ಕಾಗದದ ಮೇಲೆ ಬರ್ಕೊಡಿ ಅಂತ ಕೇಳು. ಆಮೇಲೆ ಲಿಸ್ಲ್ ಬಿಡು."

ಅಬ್ಬಾಗೆ ಸಿಟ್ಟೇ ಬಂತು. "ಹುಚ್ಚು ಹಿಡಿದಿದೆಯಾ? ನಮ್ಮನೇಲಿ ಉಂಡು ಹೋದ ಮನುಷ್ಯನ ಹತ್ರ ಕಾಗದ ಕೇಳೋದಾ? ಏನಂದ್ಕೋತಾರೆ?"

ನನಗೂ ಹಾಗೇ ಅನ್ನಿಸಿತು. ಅವರ ಜಾಗದಲ್ಲಿ ಒಬ್ಬ ಅಮೆರಿಕನ್ ಮ್ಯಾನೇಜರ್ ಇದ್ದಿದ್ದರೆ ಮೊದಲ ದಿನವೇ ಈಮೇಲ್ ಹಾಕಿ ಅಂತಿದ್ದೆ, ಅವನೂ ಏನೂ ಅಂದುಕೊಳ್ಳದೆ ಹಾಕುತ್ತಿದ್ದ. ಕನ್ನಡದಲ್ಲಿ ಮಗಳೇ ಅಂದವರ ಹತ್ತಿರ ಹೇಗೆ ಕೇಳುವುದು? ದಿನವಿಡೀ ಕಂಡವರ ಕಾಂಟ್ರಾಕ್ಟುಗಳ ನಡುವೆ ಕೂತಿದ್ದ ನಾನು, ಲಿಸ್ಲ್‌ನವರಿಗೆ ಬೇಡ ಅಂತ ಬರೆದೆ.

ಮಾರ್ಚಿನಲ್ಲಿ ಟ್ರೇಡ್ ಡೆಡ್‌ಲೈನ್ ಬರುತ್ತದೆ. ಆ ಮಧ್ಯಾಹ್ನದ ನಂತರ ಆ ಸೀಸನ್ನಿಗೆ ಯಾರನ್ನೂ ಅದಲು ಬದಲು ಮಾಡುವಂತಿಲ್ಲ. ಆ ವರ್ಷ ಅದು ರಂಜಾನಿನಲ್ಲಿ ಬಂದಿತ್ತು. ನಾನು ಬೆಳಗ್ಗೆಯಿಂದ ಒಂದೇ ಸಮ ವಿಡಿಯೋ ಕತ್ತರಿಸಿ ಕೊಡುತ್ತಿದ್ದೆ, ಅಂಕಲ್ ಒಂದೇ ಸಮ ಫೋನಿನಲ್ಲಿದ್ದರು. ಡೆಡ್‌ಲೈನಿನ ಗಂಟೆ ಆಯಿತು, ಫೋನುಗಳು ನಿಂತವು. ಯಾರೋ ಕೋಲಾ ಬಾಟಲಿ ತೆರೆದ ಸದ್ದು. ಅಂಕಲ್ ನನ್ನ ಟೇಬಲ್ಲಿನ ಹತ್ತಿರ ಬಂದರು.

"ಊಟ ಆಯ್ತಾ, ಮಗಳೇ?"

ನಾನು ನಕ್ಕೆ. "ರೋಜಾ ಅಲ್ವಾ ಅಂಕಲ್."

"ಓ. ಹೌದಲ್ಲ" ಅಂದರು. ಅಂದವರೇ ಕುರ್ಚಿ ಎಳೆದುಕೊಂಡು ಕೂತರು.

ಹಿಂದಿನ ರಂಜಾನಿನಲ್ಲಿ ನನ್ನ ಎದುರು ನೀರು ಸಹ ಕುಡಿಯದೆ ಎದ್ದು ಹೊರಗೆ ಹೋಗುತ್ತಿದ್ದವರು ಅವರು. ಈ ಸಲ ಮರೆತಿದ್ದರು. ಮರೆತದ್ದು ಯಾಕೆ ಅಂತ ಹೊಳೆದಾಗ ನನ್ನ ನಗು ಅಲ್ಲೇ ಉಳಿಯಿತು.

"ನಾನು ಡೆಟ್ರಾಯಿಟ್ ಕಡೆ ಟೀಮಿಗೆ ಹೋಗ್ತಾ ಇದೀನಿ. ಅಲ್ಲಿ ಪೂರ್ತಿ ನನ್ನದೇ ಜವಾಬ್ದಾರಿ."

"ನನ್ನ ಕೆಲಸ?"

"ಅಲ್ಲಿನ ಆಫೀಸಿನ ಒಬ್ಬ ಹುಡುಗ ಇಲ್ಲಿಗೆ ಬರ್ತಾನೆ. ಆ ಜಾಗ ಅವನಿಗೆ. ಅದೂ ಸೇರಿ ಮಾತಾಗಿದ್ದು."

"ಯಾವಾಗ ಮಾತಾಗಿದ್ದು ಅಂಕಲ್?"

"ಜನವರಿಯಲ್ಲಿ."

ಜನವರಿ. ಲಿಸ್ಲ್‌ನವರಿಗೆ ಬೇಡ ಅಂತ ಬರೆಸಿದ್ದು ಫೆಬ್ರವರಿಯಲ್ಲಿ. ಅದನ್ನು ಹೇಳಿದೆ. ಕೂಗಾಡಲಿಲ್ಲ.

"ಹೇಳೋ ಹಾಗಿರಲಿಲ್ಲ. ನಮ್ಮ ರೀತಿ ನಿನಗೆ ಗೊತ್ತಲ್ಲ" ಅಂದರು. "ನೀನು ಆಗ ಲಿಸ್ಲ್ ಒಪ್ಕೊಂಡಿದ್ದರೆ ಮನಸ್ಸು ಅಲ್ಲಿರ್ತಿತ್ತು. ಡೆಡ್‌ಲೈನ್ ಕೆಲಸ ಯಾರು ಮಾಡೋರು?"

"ನಾನು ನಿಮ್ಮ ಆಟಗಾರ್ತಿ ಅಲ್ಲ ಅಂಕಲ್. ನಮ್ಮ ಮನೆಗೆ ಬಂದು ಅಬ್ಬಾಗೆ ಮಾತು ಕೊಟ್ಟಿದ್ದಿರಿ."

ಅವರು ನನ್ನ ಭುಜ ತಟ್ಟಿದರು. ಕರುಣೆಯಿಂದಲೇ ತಟ್ಟಿದರು, ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. "ಕಾಂಟ್ರಾಕ್ಟಿನ ವಿಷಯ ಹೇಳಿಕೊಟ್ಟಿದ್ದೆನಲ್ಲ, ಮಗಳೇ" ಅಂದರು. ನಿಜವಾಗಿಯೂ ಒಬ್ಬ ಮೇಷ್ಟ್ರು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದರು.

ಇಫ್ತಾರಿಗೆ ಕೂತಾಗ ಮನೆಯಲ್ಲಿ ಹೇಳಿದೆ. ಅಬ್ಬಾ ಕೈಯಲ್ಲಿದ್ದ ಖರ್ಜೂರ ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತರು. ಕಾಗದದ ಮಾತು ಎತ್ತಬಹುದಿದ್ದ ಅಮ್ಮಿ ನನ್ನ ತಟ್ಟೆಗೆ ಇನ್ನೆರಡು ಖರ್ಜೂರ ಹಾಕಿದಳು. ಲಿಸ್ಲ್‌ಗೆ ಮತ್ತೆ ಬರೆದು ನೋಡಿದೆ, ಬೇರೆಯವರನ್ನು ತೆಗೆದುಕೊಂಡಾಗಿತ್ತು. ಒಂದೆರಡು ವಾರ ಕ್ಲಾಸಿಗೆ ಹೋಗಿ ಕೂತರೂ ಏನೂ ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ, ಈ ಮನುಷ್ಯನ ಸಲುವಾಗಿ ಫೂಫು ಮಾತು ನಿಜವಾಗಬೇಕಾ ಅಂತ ನನಗೇ ರೇಗಿ, ಓದಿದೆ. 

ಮುಂದೆ ನಡೆದದ್ದನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಲಿವೋನಿಯಾದ ಆ ಗಿಡ್ಡ ಹುಡುಗನನ್ನು ಆ ವರ್ಷದ ಡ್ರಾಫ್ಟಿನಲ್ಲಿ ತೆಗೆದುಕೊಂಡದ್ದು ಅಂಕಲ್ ಅವರ ಹೊಸ ಟೀಮ್. ಈಗ ಅವನು ದೊಡ್ಡ ಆಟಗಾರ. ಅವನನ್ನು ಹೇಗೆ ಕಂಡುಹಿಡಿದಿರಿ ಅಂತ ಪತ್ರಿಕೆಯವರು ಕೇಳಿದಾಗ, "ಪಕ್ ಕಳ್ಕೊಂಡರೆ ಯಾರ ಮೇಲೂ ಕೂಗಾಡದೆ ತಿರುಗಿ ಓಡ್ತಿದ್ದ, ಅದು ನನ್ನ ಕಣ್ಣಿಗೆ ಬಿತ್ತು" ಅಂತ ಅಂಕಲ್ ಹೇಳಿದ್ದಾರೆ. ನಾನು ಓದಿ ಫೋನ್ ಕೆಳಗಿಟ್ಟೆ. ಒಂದು ಚಳಿಗಾಲ ಪೂರ್ತಿ ಅಬ್ಬಾನ ಅಂಗಡಿಯ ಕೌಂಟರಿನಲ್ಲಿ ಕೂತು ಅಪ್ಲೈ ಮಾಡುತ್ತಲೇ ಇದ್ದೆ. ಈಗ ಒಂದು ಆಸ್ಪತ್ರೆಯ ಡೇಟಾ ವಿಭಾಗದಲ್ಲಿದ್ದೇನೆ. ಕೆಲಸ ಚೆನ್ನಾಗಿದೆ. ಹಾಕಿ ನೋಡುವುದಿಲ್ಲ. ಎಲ್ಲಾದರೂ ಟಿವಿಯಲ್ಲಿ ಬಂದರೆ ಕಣ್ಣು ತಾನೇ ಪಕ್ ಬಿಟ್ಟು ಬೆಂಚಿನ ಕಡೆ ಹೋಗುತ್ತದೆ. ಎದ್ದು ಬೇರೆ ಕಡೆ ಕೂರುತ್ತೇನೆ. ಕಲಿಸಿದ್ದನ್ನು ವಾಪಸ್ ಕೊಡುವ ದಾರಿ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆ.

ಅವರನ್ನು ಕೊನೆಯ ಸಲ ಕಂಡದ್ದು ಆ ಮೇ ತಿಂಗಳಲ್ಲಿ, ನನ್ನ ಗ್ರ್ಯಾಜುಯೇಶನ್ ದಿನ. ನಾನು ಕರೆದಿರಲಿಲ್ಲ. ಡೆಟ್ರಾಯಿಟಿನಿಂದ ಬೆಳಗ್ಗೆ ಬೇಗ ಹೊರಟು ಡ್ರೈವ್ ಮಾಡಿಕೊಂಡು ಬಂದಿದ್ದರು. ಹೂಗುಚ್ಛ, ಒಂದು ಡಬ್ಬಿ ಮೈಸೂರು ಪಾಕು. ನಮ್ಮ ಕಾಲೇಜಿನಲ್ಲಿ ವೇದಿಕೆಯ ಮೇಲೆ ಕೊಡುವುದು ಖಾಲಿ ಫೋಲ್ಡರು. ನಿಜವಾದ ಸರ್ಟಿಫಿಕೇಟನ್ನು ಹೊರಗೆ ಒಂದು ಟೇಬಲ್ಲಿನ ಹತ್ತಿರ ಹೆಸರು ಕೂಗಿ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ಹುಲ್ಲಿನ ಮೇಲೆ ನಿಂತಿದ್ದ ಅಬ್ಬಾ, ಅಮ್ಮಿಯ ಕಡೆ ಬರುತ್ತಿದ್ದೆ. ಅಂಕಲ್ ಮಧ್ಯ ಬಂದು ಎರಡೂ ಕೈ ಚಾಚಿದರು. ಹಿರಿಯರು ಕೈ ಚಾಚಿದರೆ ಏನು ಮಾಡುವುದು? ಕೊಟ್ಟೆ.

ಕನ್ನಡಕ ಹಾಕಿಕೊಂಡು, ನನ್ನ ಪೂರ್ತಿ ಹೆಸರನ್ನು, ಅಬ್ಬಾನ ಹೆಸರೂ ಸೇರಿದ್ದನ್ನು, ಗಟ್ಟಿಯಾಗಿ ಓದಿದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ, ನನಗೆ ಗೊತ್ತು. ಆಮೇಲೆ ನನ್ನ ಕಡೆ ನೋಡದೆ ಅಬ್ಬಾ ಕಡೆ ತಿರುಗಿದರು.

"ಭಾಯ್, ಆಗಿದ್ದು ಆಗಿಹೋಯ್ತು. ಇವಳನ್ನ ನನ್ನ ಜೊತೆ ಡೆಟ್ರಾಯಿಟ್‌ಗೆ ಕಳಿಸಿಕೊಡಿ. ಡ್ರಾಫ್ಟ್ ಹತ್ತಿರ ಬಂತು, ಇವಳ ಕಣ್ಣು ಬೇಕು ನನಗೆ. ಅಲ್ಲಿ ಏನಾದರೂ ಒಂದು ಮಾಡ್ತೀನಿ. ನೀವು ಹೂಂ ಅನ್ನಿ ಸಾಕು."

ಅಮ್ಮಿ ನನ್ನ ಗೌನಿನ ತೋಳು ಹಿಡಿದುಕೊಂಡಳು. ಅಬ್ಬಾ ಜೀವಮಾನದಲ್ಲಿ ಆ ಮನುಷ್ಯನ ಮಾತಿಗೆ ಹೂಂ ಬಿಟ್ಟು ಬೇರೆ ಏನೂ ಅಂದವರಲ್ಲ. ಅವರು ಮುಂದೆ ಬಂದು, ಅಂಕಲ್ ಕೈಯಿಂದ ಸರ್ಟಿಫಿಕೇಟು ತೆಗೆದುಕೊಂಡು, ಅಂಚು ಮಡಚದ ಹಾಗೆ ಎರಡೂ ಅಂಗೈ ಮೇಲಿಟ್ಟು ನನಗೆ ಕೊಟ್ಟರು.

"ನನ್ನನ್ನ ಯಾಕೆ ಕೇಳ್ತೀರಿ ಸರ್?" ಅಂದರು. "ಇಷ್ಟು ಓದಿದೋಳು ಇಲ್ಲೇ ನಿಂತಿದ್ದಾಳೆ. ಅವಳನ್ನ ಕೇಳಿ."